ಜಗತ್ ಸರ್ಕಲ್ಲಿನ ಜೋಡೆತ್ತು

ಎತ್ತಿನ ಅಳತೆ ತೆಗೆಯುವವರು ಟೇಪನ್ನು ಅದರ ಹಿಂಗಾಲಿನ ಕಡೆಯಿಂದ ಶುರು ಮಾಡಬಾರದು. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನು ಅಲ್ಲಿಂದಲೇ ಶುರು ಮಾಡಿದೆ. ಹೀಗಾಗಿ ಕಮಲಾಪುರದ ಆ ಓಣಿ ನನ್ನನ್ನು ಮೊದಲು ಕಂಡದ್ದು ಸಗಣಿಯಲ್ಲಿ ಕೂತ ಹೆಣ್ಣುಮಗಳಾಗಿ. ಎತ್ತಿನ ಮನೆಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಲೇ ಬಂದು ಕೈಹಿಡಿದು ಎಬ್ಬಿಸಿದಳು.

“ಮೊದ್ಲ ಗಂಗೆದೊಗಲ ಸವರಬೇಕ್ರಿ. ಅದಕ್ಕ ನಿಮ್ಮ ಪರಿಚಯ ಆಗ್ಬೇಕು. ಆಮ್ಯಾಲ ಟೇಪ್ ಹಚ್ರಿ, ಏನರ ಹಚ್ರಿ, ಸುಮ್ನ ನಿಂದರ್ತದ.”

ಕೊರಳ ಕೆಳಗೆ ಜೋತ ಆ ಮೆತ್ತನೆಯ ತೊಗಲನ್ನು ಸವರುತ್ತಾ ಕಾಲು ಗಂಟೆ ನಿಂತೆ. ಆಮೇಲೆ ಎತ್ತು ನಿಜಕ್ಕೂ ಕದಲಲಿಲ್ಲ. ಕೋಡಿನಿಂದ ಗೊರಸಿನವರೆಗೆ ಎಪ್ಪತ್ತು ಅಳತೆ ಬರೆದುಕೊಂಡೆ.

ನಾನು ಫೈಬರ್‌ಗ್ಲಾಸ್ ಕೆಲಸದವಳು. ಕಲಬುರಗಿಯ ನಂದೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಒಂದು ಬೇಳೆ ಮಿಲ್ಲಿನ ಬೆನ್ನಿಗೆ ನಮ್ಮ ಶೆಡ್ಡು ಇತ್ತು. ನಮ್ಮ ಅಂದರೆ ನನ್ನದು ಮತ್ತು ನನ್ನ ಪಾಲುದಾರನದು. ಡ್ರಾಯಿಂಗ್ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು, ಹದಿನಾಲ್ಕು ವರ್ಷದಿಂದ ಒಟ್ಟಿಗೆ ಕೆಲಸ. ಉದ್ಯಾನದ ಜಿಂಕೆ, ಹೋಟೆಲಿನ ಹಂಸ, ಶಾಲೆಯ ಭೂಗೋಳ ಎಲ್ಲ ಮಾಡಿದ್ದೇವೆ. ಮಣ್ಣು ಮತ್ತು ರೆಸಿನ್ ನನ್ನ ಪಾಲು, ಕಚೇರಿ ಮತ್ತು ಮಾತು ಅವನ ಪಾಲು. ‘ಎತ್ತು ಏರಿಗೆ, ಕೋಣ ನೀರಿಗೆ, ನಿಮ್ಮಿಬ್ಬರದು ಹ್ಯಾಂಗ ನಡೀತದ’ ಎಂದು ಜನ ಕೇಳುತ್ತಿದ್ದರು. ನಡೆಯುತ್ತಿತ್ತು. ನನಗೆ ಅರ್ಜಿ ಬರೆಯಲು ಬಾರದು, ಅವನಿಗೆ ಮಣ್ಣು ಮುಟ್ಟಿದರೆ ಸೀನು. ನಾನು ಅವನನ್ನು ಅಣ್ಣನಂತೆ ನಂಬಿದ್ದೆ. ಇದನ್ನು ಈಗಲೇ ಬರೆದುಬಿಡುತ್ತೇನೆ, ಆಮೇಲೆ ಬರೆಯಲು ನನಗೆ ಮನಸ್ಸು ಬರಲಿಕ್ಕಿಲ್ಲ.

ಆ ಸಲ ನಗರ ಪಾಲಿಕೆಯ ಕಚೇರಿಯಿಂದ ಸಿಕ್ಕಿದ್ದು ದೊಡ್ಡ ಕೆಲಸ. ನಗರದ ಸರ್ಕಲ್ಲುಗಳಲ್ಲಿ ಬಣ್ಣದ ಎತ್ತುಗಳನ್ನು ನಿಲ್ಲಿಸಬೇಕು, ಕಾರಹುಣ್ಣಿಮೆಯ ದಿನ ರೈತರು ಮೈಗೆಲ್ಲ ಬಣ್ಣ ಬರೆದು ಸಿಂಗರಿಸುತ್ತಾರಲ್ಲ, ಹಾಗೆ. ಕಲ್ಪನೆ ನನ್ನದು. ಕಚೇರಿಯವರ ಮುಂದೆ ಚಂದ ಮಾಡಿ ಹೇಳಿದವನು ಅವನು. ಆದೇಶದಲ್ಲಿ ‘ಕೈಯಿಂದ ಬರೆದ ಬಣ್ಣ’ ಎಂದು ಒಂದು ಸಾಲು ಸೇರಿಸಿರಿ ಎಂದು ಹಟ ಹಿಡಿದು ಸೇರಿಸಿದವಳು ನಾನು.

ಬಣ್ಣ ಬರೆಯುವವಳನ್ನು ಹುಡುಕಿಕೊಂಡೇ ನಾನು ಕಮಲಾಪುರಕ್ಕೆ ಹೋಗಿದ್ದು. ನನ್ನನ್ನು ಸಗಣಿಯಿಂದ ಎಬ್ಬಿಸಿದ ಆ ಮನೆಯಾಕೆಯೇ ಅವಳು. ಮೊದಲು ಅವಳ ಮಾವ ಓಣಿಯ ಎತ್ತುಗಳಿಗೆಲ್ಲ ಬಣ್ಣ ಬರೆಯುತ್ತಿದ್ದರಂತೆ. ಅವರ ಕೈ ನಡುಗಲು ಶುರುವಾದ ಮೇಲೆ ಸೊಸೆ ಕೈಗೆತ್ತಿಕೊಂಡಳು. ಗಂಡಸರು ಮೊದಮೊದಲು ಮುಖ ಹಿಂಡಿದರು, ಆಮೇಲೆ ತಮ್ಮ ಎತ್ತುಗಳನ್ನು ತಾವೇ ಹೊಡೆದುಕೊಂಡು ಬಂದರು. ಉಳಿದ ದಿನಗಳಲ್ಲಿ ಅವಳು ಹೆದ್ದಾರಿಯ ಬದಿ ಬುಟ್ಟಿ ಇಟ್ಟುಕೊಂಡು ಅವರ ತೋಟದ ಕೆಂಪು ಬಾಳೆಹಣ್ಣು ಮಾರುತ್ತಾಳೆ. ನಾನು ಅವಳನ್ನು ಅಕ್ಕ ಎಂದೆ. ಎರಡನೇ ಭೇಟಿಗೆ ಅವಳು ನನ್ನನ್ನು ತಂಗಿ ಎಂದಳು.

ನಮ್ಮ ಮೊದಲ ಯೋಜನೆಯಲ್ಲಿ ಹನ್ನೆರಡು ಸರ್ಕಲ್ಲಿಗೆ ಹನ್ನೆರಡು ಒಂಟಿ ಎತ್ತುಗಳಿದ್ದವು. ನಕ್ಷೆ ತೋರಿಸಿದಾಗ ಅಕ್ಕ ತಲೆಯಾಡಿಸಿದಳು.

“ಒಂಟೆತ್ತು ನಿಲ್ಲಿಸಬ್ಯಾಡ ತಂಗಿ. ನೋಡಿದವ್ರು ಇದರ ಜೊತಿದು ಸತ್ತದ ಅಂತಾರ.”

ಹಾಗಾಗಿ ಆರು ಸರ್ಕಲ್ಲಿಗೆ ಆರು ಜೋಡಿ ಎಂದಾಯಿತು. ಒಂದರ ಕೊರಳು ತುಸು ಎಡಕ್ಕೆ ಹೊರಳಬೇಕು, ಇನ್ನೊಂದರದು ಬಲಕ್ಕೆ. ನನಗೆ ಎರಡು ಮಣ್ಣಿನ ಎತ್ತು, ಎರಡು ಅಚ್ಚಿನ ಕೆಲಸ. ಪಾಲುದಾರ ಸಿಡಿಮಿಡಿಗೊಂಡನು, ಆದರೂ ಕಚೇರಿಯವರನ್ನು ಒಪ್ಪಿಸಿಕೊಂಡು ಬಂದನು.

ಅಕ್ಕನನ್ನು ಒಪ್ಪಿಸಿದ್ದು ಅವಳ ಮಾವನ ಮುಂದೆ ಕೂತು. ಒಂದು ಜೋಡಿಯನ್ನು ಪೂರ್ತಿ ಅವಳೇ ಬರೆಯುವುದು, ಉಳಿದ ಐದನ್ನು ಅವಳು ಕಲಿಸಿದ ಓಣಿಯ ಹೆಂಗಸರ ಜೊತೆ ಬರೆಯುವುದು. ಅವಳ ಜೋಡಿ ಜಗತ್ ಸರ್ಕಲ್ಲಿನಲ್ಲಿ ನಿಲ್ಲುತ್ತದೆ, ಕೆಳಗೆ ಅವಳ ಹೆಸರು ಇರುತ್ತದೆ ಎಂದೆ. ಮುದುಕರು ನನ್ನ ಕಡೆ ತಿರುಗಿದರು.

“ಈ ಮಾತು ಕಚೇರೀದೊ, ನಿಂದೊ?”

“ನಂದ್ರಿ” ಎಂದೆ.

“ಹಂಗಾರ ಆತು.”

ಮಣ್ಣಿನ ಕೆಲಸ ಸುಖದಿಂದ ಮುಗಿಯಿತು. ಸುಖ ಅಲ್ಲಿಗೇ ಮುಗಿಯಿತು. ಅಚ್ಚು ತೆಗೆದು ಎರಕ ಶುರು ಮಾಡುವ ಹೊತ್ತಿಗೆ ನಮ್ಮೂರ ಬಿಸಿಲು ತನ್ನ ಬಣ್ಣ ತೋರಿಸಿತು. ಫೈಬರ್ ಎರಕದಲ್ಲಿ ಎರಕ ಅಂಟದಿರಲೆಂದು ಅಚ್ಚಿನ ಒಳಮೈಗೆ ಮೇಣ ತಿಕ್ಕಿ, ಅದರ ಮೇಲೆ ದಪ್ಪ ರೆಸಿನ್ನಿನ ಮೊದಲ ಪದರ ಬಳಿದು, ಅದು ಅಂಟಂಟು ಇರುವಾಗಲೇ ಗಾಜಿನ ನಾರಿನ ಹಾಸನ್ನು ಪದರ ಪದರವಾಗಿ ಕೂರಿಸಬೇಕು. ರೆಸಿನ್ ಗಟ್ಟಿಯಾಗಲು ಹಾರ್ಡನರ್ ಬೆರೆಸುತ್ತೇವೆ. ನಮ್ಮ ಶೆಡ್ಡಿನ ಉಸ್ತಾದರು, ಲಾರಿ ಬಾಡಿ ಕಟ್ಟುವುದರಲ್ಲಿ ಮೂವತ್ತು ವರ್ಷ ಕಳೆದವರು, ಮೊದಲೇ ಹೇಳಿದ್ದರು.

“ಬೇಟಿ, ಈ ಗರ್ಮಿಯಾಗ ಹಾರ್ಡನರ್ ಅರ್ಧಾ ಕಮ್ತಿ ಹಾಕು. ಡಬ್ಬಿ ಮ್ಯಾಲ ಬರದವ್ರು ಕಲಬುರ್ಗಿ ಬಿಸಲು ನೋಡಿ ಬರ್ದಿಲ್ಲ.”

ನಾನು ಡಬ್ಬಿಯ ಮೇಲಿನ ಅಳತೆಯನ್ನೇ ಹಾಕಿದೆ. ಬ್ರಶ್ ಅದ್ದುವಷ್ಟರಲ್ಲಿ ಬಕೆಟ್ಟಿನ ರೆಸಿನ್ ಗಟ್ಟಿಯಾಗಿ ಹೊಗೆಯಾಡಿತು. ಮರುದಿನ ಅಳತೆ ಸರಿ ಮಾಡಿದೆ, ಆದರೆ ಸೆಕೆಗೆ ಮೇಣ ಕರಗಿ ಇಳಿದಿದ್ದನ್ನು ನೋಡಲಿಲ್ಲ. ಮೊದಲ ಬೆನ್ನು ಅಚ್ಚಿಗೆ ಕಚ್ಚಿಕೊಂಡು ಕೂತಿತು. ಮರದ ಬೆಣೆ ಬಡಿದು ಬಡಿದು ಎರಡು ದಿನಕ್ಕೆ ಬಿಡಿಸಿದೆವು. ಅಚ್ಚಿನ ಅಂಚು ಒಡೆದು, ಅದನ್ನು ರಿಪೇರಿ ಮಾಡಲು ಮತ್ತೊಂದು ವಾರ ಹೋಯಿತು. ಉಸ್ತಾದರು ತಾವೇ ಹೊಸ ಮೇಣ ತಿಕ್ಕಿಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ತೊಗರಿ ಹೊಟ್ಟು. ಮಿಲ್ಲಿನಿಂದ ಹಾರಿ ಬಂದ ಸಣ್ಣ ಸಣ್ಣ ಸಿಪ್ಪೆ ಹಸಿ ರೆಸಿನ್ನಿನ ಮೇಲೆ ಕೂತು, ಎತ್ತಿಗೆ ಸಿಡುಬು ಬಂದ ಹಾಗೆ ಕಾಣಿಸುತ್ತಿತ್ತು. ಶೆಡ್ಡಿನ ಬಾಗಿಲಿಗೆ ಒದ್ದೆ ಗೋಣಿ ಕಟ್ಟಿದೆವು. ಕೊನೆಗೆ ಮಿಲ್ಲಿನ ವಾರದ ರಜೆಯ ದಿನವನ್ನೇ ಮೊದಲ ಪದರಕ್ಕೆ ಮೀಸಲಿಟ್ಟೆವು. ಹೀಗೆ ಹೆಣಗಿ ಮೊದಲ ಜೋಡಿ ನಿಂತಾಗ ನಾನು ಅದರ ಹೊಟ್ಟೆಯ ಕೆಳಗೆ ಕಾಲು ಚಾಚಿ ಮಲಗಿಬಿಟ್ಟೆ.

ಅಕ್ಕ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದಳು. ಮೂರು ವಾರ ಬಾಳೆಹಣ್ಣಿನ ಬುಟ್ಟಿಯ ಮುಂದೆ ಅವಳ ನೆಗೆಣ್ಣಿ ಕೂತಳು. ತನ್ನ ಸಾಮಾನು ತಾನೇ ತಂದಿದ್ದಳು: ತುದಿ ಜಜ್ಜಿದ ಈಚಲ ಕಡ್ಡಿ, ಬಟ್ಟೆಯ ಉಂಡೆ, ಒತ್ತಿ ವೃತ್ತ ಮೂಡಿಸಲು ಬಳೆ ಮತ್ತು ವಾಟಿ, ಒಂದು ಗಂಟು ಹುರಮಂಜಿನ ಕೆಂಪು ಪುಡಿ, ಸುಣ್ಣ, ನೀಲಿ. ಜೀವಂತ ತೊಗಲಿಗೆ ಹತ್ತುವ ಹುರಮಂಜು ಫೈಬರಿಗೆ ಹತ್ತಲಿಲ್ಲ, ಒಣಗಿ ಹೊಪ್ಪಳೆ ಹೊಪ್ಪಳೆಯಾಗಿ ಬಿತ್ತು. ಮೈಯನ್ನೆಲ್ಲ ಎಮರಿ ಕಾಗದದಿಂದ ಉಜ್ಜಿ ಒರಟು ಮಾಡಿ, ಪ್ರೈಮರ್ ಹೊಡೆದು, ಅವಳ ಪುಡಿಯನ್ನೇ ಅಂಟು ದ್ರಾವಣದಲ್ಲಿ ಅರೆದು ಕೊಟ್ಟೆ. ಏಳನೇ ಹದಕ್ಕೆ ಅವಳು ಬೆರಳಿನಿಂದ ಉಜ್ಜಿ ನೋಡಿ “ಈಗ ತೊಗಲಿನಂಗ ಅದ” ಅಂದಳು.

ಅವಳ ಪದ್ಧತಿಗೆ ಕಾರಣಗಳಿದ್ದವು. ಪಕ್ಕೆಯ ಮೇಲೆ ಸಾಲಾಗಿ ಗಿಳಿಗಳನ್ನು ಬರೆದಳು. ಎಲ್ಲ ಗಿಳಿಗಳ ಮುಖವೂ ಎತ್ತಿನ ತಲೆಯ ಕಡೆಗೆ. ಗಿಳಿ ಹಿಂದಕ್ಕೆ ಮುಖ ಮಾಡಿದರೆ ಎತ್ತು ಗಾಡಿಯನ್ನು ಹಿಂದಕ್ಕೆ ತಳ್ಳುತ್ತದಂತೆ. ಹೊರಗಿನ ಪಕ್ಕೆಗೆ ಮೈತುಂಬ ಬಣ್ಣ, ಆದರೆ ಜೋಡಿಯ ಕಡೆಗಿರುವ ಒಳಮಗ್ಗುಲು ಪೂರ್ತಿ ಖಾಲಿ. ಕೆಲಸ ಅರ್ಧಕ್ಕೆ ಬಿಟ್ಟಂತೆ ಕಾಣುವುದಿಲ್ಲವೇ ಎಂದು ಪಾಲುದಾರ ಕೇಳಿದ.

“ಒಳಮಗ್ಗಲ ಯಾರ್ ನೋಡ್ತಾರ್ರಿ? ಅದರ ಜೊತಿದು ನೋಡ್ತದ. ಅದಕ್ಯಾಕ ಬಣ್ಣ?” ಅಂದಳು.

ನಾನು ಕೈಲಿದ್ದ ಎಮರಿ ಕಾಗದ ಕೆಳಗಿಟ್ಟೆ. ಅಂಥ ಮಾತನ್ನು ಕಾಲೇಜಿನಲ್ಲಿ ಐದು ವರ್ಷ ಕೂತರೂ ಕೇಳಿರಲಿಲ್ಲ.

ಕೊನೆಗೆ ಲ್ಯಾಕರ್ ವಿಷಯ ಬಂತು. ಬಿಸಿಲು ಮಳೆ ತಡೆಯಲು ಮೇಲೆ ಎರಡು ಪದರ ಗಟ್ಟಿ ಲ್ಯಾಕರ್ ಹೊಡೆಯಬೇಕು. ಮಾದರಿ ತುಂಡೊಂದಕ್ಕೆ ಹೊಡೆದು ತೋರಿಸಿದೆ. ಅಕ್ಕನ ಮುಖ ಬಾಡಿತು.

“ಮಿಂಚಬಾರ್ದು ತಂಗಿ. ಮಿಂಚೋ ಎತ್ತು ನೋಡಿದ್ರ, ಸಾಯಂಗ ದುಡಿಸಿ ಬೆವರ ಇಳಿಸ್ಯಾರ ಅನಸ್ತದ.”

ಲ್ಯಾಕರ್ ಬಿಡಬೇಡ ಎಂದು ಉಸ್ತಾದರು ಹೇಳಿದರೂ ನಾನು ಅವಳ ಮಾತಿಗೆ ಸೋತೆ. ಮಿಂಚದ ತೆಳು ದ್ರಾವಣ ಒಂದು ಪದರ, ಅಷ್ಟೇ. ಬಣ್ಣ ಮಾಸಿದರೆ ವರ್ಷಕ್ಕೊಮ್ಮೆ ಅವಳೇ ಬಂದು ತಿದ್ದುತ್ತಾಳೆ ಎಂದುಕೊಂಡೆ. ಆ ನಿರ್ಧಾರ ನನ್ನದು, ಅದರ ಹೊಣೆಯನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಜೋಡಿ ಮುಗಿದ ದಿನ ಪಾಲುದಾರ ಒಳ್ಳೆಯ ಕ್ಯಾಮೆರಾ ಬಾಡಿಗೆ ತಂದ. ಕಚೇರಿಯ ಫೈಲಿಗೆ ಚಿತ್ರ ಬೇಕಂತೆ. ಎತ್ತನ್ನು ಹೊರಗೆ ತಂದು, ನೆರಳು ಬೀಳದಂತೆ ಬಿಳಿ ಬಟ್ಟೆ ಹಿಡಿಸಿ, ಪಕ್ಕೆಗೆ ನೇರವಾಗಿ ನಿಂತು, ಒಂದೊಂದು ಅಡಿಗೆ ಒಂದೊಂದು ಚಿತ್ರ ತೆಗೆದ. ಅಳತೆ ಗೊತ್ತಾಗಲಿ ಎಂದು ಟೇಪ್ ಹಿಡಿದು ನಿಂತವಳು ನಾನೇ. ಫೈಲಿಗೆ ಇಷ್ಟು ಚಿತ್ರ ಯಾಕೆ ಎಂದು ಕೇಳಬೇಕೆಂದೂ ನನಗೆ ಹೊಳೆಯಲಿಲ್ಲ.

ಉಳಿದ ಹತ್ತು ಎತ್ತುಗಳ ಎರಕ ಒಂದೊಂದೇ ಮುಗಿದಂತೆ ಲಾರಿ ಬಂದು ಒಯ್ಯತೊಡಗಿತು. ಇಲ್ಲಿ ಹೊಟ್ಟಿನ ಧೂಳು, ಬಣ್ಣಕ್ಕೆ ಊರಾಚೆ ಒಂದು ಗೋದಾಮು ಹಿಡಿದಿದ್ದೇನೆ, ಓಣಿಯ ಹೆಂಗಸರನ್ನು ಅಲ್ಲಿಗೇ ಕರೆಸೋಣ ಎಂದ ಪಾಲುದಾರ. ಯಾವಾಗ ಎಂದರೆ ‘ಬರೋ ವಾರ’. ಬರುವ ವಾರ ಕೇಳಿದರೆ ಮತ್ತೆ ‘ಬರೋ ವಾರ’. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನನ್ನದು. ನಂಬಿಕೊಂಡು ರೆಸಿನ್ ಬಳಿಯುತ್ತಾ ಇದ್ದೆ.

ಜಗತ್ ಸರ್ಕಲ್ ಬಳಿಯ ಒಂದು ಪ್ರಿಂಟಿಂಗ್ ಅಂಗಡಿಗೆ ನಾನು ಹೋದದ್ದು ಅಕ್ಕನ ಹೆಸರಿನ ಫಲಕ ಬರೆಸಲು. ಕಂಪ್ಯೂಟರಿನ ಮುಂದೆ ಕೂತಿದ್ದ ಅಂಗಡಿಯವನು “ಐದ್ ಮಿನಿಟ್ ಕೂಡ್ರಿ ಅಕ್ಕೋರೆ, ನಿಮ್ದೇ ಕೆಲಸ ನಡದದ” ಅಂದ. ಏನು ನಮ್ಮದು ಎಂದು ಒಳಗೆ ಇಣುಕಿದೆ. ಬ್ಯಾನರ್ ಅಚ್ಚು ಹಾಕುವ ಉದ್ದನೆಯ ಯಂತ್ರದಿಂದ ಸ್ಟಿಕರ್ ಹಾಳೆ ಹೊರಬರುತ್ತಿತ್ತು. ಅದರ ಮೇಲೆ ಅಕ್ಕನ ಗಿಳಿಗಳು. ಅವಳ ಬಳೆಯ ವೃತ್ತ, ಈಚಲ ಕಡ್ಡಿ ಜಾರಿದ ಒಂದು ಗೆರೆ, ಬೆರಳಿನಿಂದ ಅದನ್ನು ಒರೆಸಿದ ಗುರುತು ಕೂಡ. ಮಾರುಗಟ್ಟಲೆ ಗಿಳಿಗಳು ನೆಲಕ್ಕೆ ಸುರುಳಿಯಾಗಿ ಇಳಿಯುತ್ತಿದ್ದವು.

“ಇದು ಯಾರ ಆರ್ಡರ್ ರೀ?”

“ನಿಮ್ಮ ಶೆಡ್ಡಿಂದೇ ಅಲ್ರಿ? ನಿಮ್ಮ ಪಾರ್ಟನರ್ ಕೊಟ್ಟಾರ. ಹತ್ತು ಎತ್ತಿಗಿ ಸುತ್ತೋದಂತ.” ಅವನು ನನ್ನ ಮುಖ ನೋಡಿ ಯಂತ್ರ ನಿಲ್ಲಿಸಿದ. “ನಿಮಗ ಗೊತ್ತಿಲ್ಲೇನ್ರಿ?”

ಫಲಕ ಬರೆಸದೆ ವಾಪಸಾದೆ. ಬೇಲಿಯೇ ಎದ್ದು ಹೊಲ ಮೇಯ್ದಿತು ಅನ್ನುವ ಮಾತನ್ನು ನಾನು ನೂರು ಸಲ ಆಡಿದ್ದೇನೆ. ಅಂದು ಆಟೋದಲ್ಲಿ ಕೂತು ಅದರ ಅರ್ಥ ಮಾಡಿಕೊಂಡೆ.

ಪಾಲುದಾರ ಸುಳ್ಳು ಹೇಳಲಿಲ್ಲ, ಕಣ್ಣು ತಪ್ಪಿಸಲೂ ಇಲ್ಲ. ಅದು ಇನ್ನೂ ಉರಿಯಿತು.

“ಒಂದ್ ಜೋಡಿಗಿ ಮೂರ್ ವಾರ ಹಿಡೀತು. ಐದ್ ಜೋಡಿಗಿ ಎಷ್ಟ್ ಆತು ಲೆಕ್ಕಾ ಹಾಕು. ಉದ್ಘಾಟನಿ ದಿನ ಗೊತ್ತಾಗ್ಯದ. ಸ್ಟಿಕರ್ ಆದ್ರ ನಾಕ್ ದಿನದ ಕೆಲಸ. ಡಿಸೈನ್ ಅಕಿದೇ ಅದ, ಕಲರ್ ಅಕಿದೇ ಅದ. ಅಕಿಗಿ ಆದ ಅನ್ಯಾಯರ ಏನು?”

“ಕೈಯಿಂದ ಅಂತ ಬರ್ದದ.”

“ಕೈಯಿಂದ ಬರ್ದದ್ದರ ಫೋಟೋ ಅದು.”

ಒಂದು ಗಂಟೆ ಜಗಳವಾಯಿತು. ಕೊನೆಗೆ ನಾನು ಕೇಳಿದ್ದು ಒಂದೇ: ಅಕ್ಕ ಬರೆದ ಜೋಡಿಯನ್ನು ಯಾರೂ ಮುಟ್ಟಬಾರದು, ಅದು ಹಾಗೆಯೇ ಜಗತ್ ಸರ್ಕಲ್ಲಿಗೆ ಹೋಗಬೇಕು, ಕೆಳಗೆ ಅವಳ ಹೆಸರಿರಬೇಕು.

“ನನ್ನ ಮಗಳಾಣಿ, ಮುಟ್ಟಂಗಿಲ್ಲ” ಅಂದ.

ಆಗಲೇ ನಾನು ಕಮಲಾಪುರಕ್ಕೆ ಹೋಗಿ ಎಲ್ಲ ಹೇಳಬೇಕಿತ್ತು. ಹೋಗಲಿಲ್ಲ. ಅಕ್ಕ ಮೊದಲು ತನ್ನ ಜೋಡಿ ನಿಂತದ್ದನ್ನು ನೋಡಲಿ, ಆ ಖುಷಿಯಲ್ಲಿ ಉಳಿದದ್ದನ್ನು ಮೆಲ್ಲಗೆ ಹೇಳೋಣ ಎಂದುಕೊಂಡೆ. ಇದು ಹೇಡಿತನ ಎಂದು ಈಗ ಗೊತ್ತು. ಆಗ ಜಾಣತನ ಅನ್ನಿಸಿತ್ತು.

ಉದ್ಘಾಟನೆಯ ಬೆಳಿಗ್ಗೆ ಅಕ್ಕ, ಅವಳ ಗಂಡ, ಮಾವ, ಓಣಿಯ ಇಬ್ಬರು ಹೆಂಗಸರು ಕಮಲಾಪುರದ ಬಸ್ಸಿನಿಂದ ಇಳಿದರು. ಅಕ್ಕ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಮಾವನಿಗೆ ಹೊಸ ರುಮಾಲು. ಸರ್ಕಲ್ಲಿನ ಹುಲ್ಲುಹಾಸಿನ ಮೇಲೆ ಎತ್ತುಗಳಿಗೆ ಕೆಂಪು ಬಟ್ಟೆ ಹೊದಿಸಿತ್ತು. ಭಾಷಣ ಮುಗಿದು ಬಟ್ಟೆ ಜಾರಿತು, ಜನ ಚಪ್ಪಾಳೆ ತಟ್ಟಿದರು.

ಎತ್ತುಗಳು ಹತ್ತು ಗಂಟೆಯ ಬಿಸಿಲಿಗೆ ಥಳಥಳ ಮಿಂಚುತ್ತಿದ್ದವು.

ಹತ್ತಿರ ಹೋದೆ. ಸ್ಟಿಕರ್. ಒಳಮಗ್ಗುಲಿಗೂ ಸುತ್ತಿದ್ದರು. ಎಡದ ಎತ್ತಿನ ಚಿತ್ರವನ್ನೇ ಬಲದ್ದಕ್ಕೂ ಅಂಟಿಸಿದ್ದರು, ತಿರುವಿ ಹಾಕಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ. ಕೆಳಗಿನ ಫಲಕದಲ್ಲಿ ‘ಪರಿಕಲ್ಪನೆ ಮತ್ತು ಕಲೆ’ ಎಂದು ನನ್ನ ಪಾಲುದಾರನ ಹೆಸರಿತ್ತು. ಅಕ್ಕನ ಹೆಸರಿರಲಿಲ್ಲ. ನನ್ನದೂ ಇರಲಿಲ್ಲ, ಆದರೆ ಅದು ನನ್ನ ಗಮನಕ್ಕೆ ಬಂದದ್ದು ಆಮೇಲೆ.

ಮುದುಕರು ಕೋಲೂರಿಕೊಂಡು ಬಲದ ಎತ್ತಿನ ಸುತ್ತ ಒಂದು ಸುತ್ತು ಬಂದರು.

“ಗಿಳಿ ಹಿಂದಕ ಹೊಂಟಾವಲ್ಲ” ಅಂದರು, ಯಾರಿಗೂ ಅಲ್ಲ ಎಂಬಂತೆ.

ಅಕ್ಕ ಮುಂದೆ ಬಂದು ಅಂಗೈಯನ್ನು ಎತ್ತಿನ ಪಕ್ಕೆಗೆ ಇಟ್ಟಳು. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು, ಕೈ ಹಿಂದೆಗೆದುಕೊಂಡಳು. “ಇದು ನನ್ನ ಕೈ ಅಲ್ಲ” ಅಂದಳು. ಅಷ್ಟೇ. ಅತಿಥಿಗಳಿಗೆಂದು ಇಟ್ಟಿದ್ದ ಚಹಾ ಕುಡಿಯದೆ ಐವರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ನಾನು ಹಿಂದೆ ಓಡಿ ಹೋಗಿ “ಅಕ್ಕಾ, ಒಳಗ ನಿಂದೇ ಬಣ್ಣ ಅದ” ಎಂದೆ. ಬಾಲದ ಬುಡದಲ್ಲಿ ಸ್ಟಿಕರಿನ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿದ್ದೆ, ಹುರಮಂಜು ಕಂಡಿತ್ತು. ಅವಳು ತಿರುಗಲಿಲ್ಲ.

ಮರುದಿನ ಉಸ್ತಾದರೊಂದಿಗೆ ಬಿಸಿಗಾಳಿಯ ಗನ್ನು ಹಿಡಿದು ಹೋದೆ. ಸ್ಟಿಕರ್ ಮೆತ್ತಗಾಗುವಷ್ಟೇ ಕಾಯಿಸಿ, ಎಳೆದರೂ ಎಳೆಯದಂತೆ ಬಿಡಿಸುವುದು ಕ್ರಮ. ಮುಂಗಾಲಿನ ಹಿಂದೆ, ಯಾರಿಗೂ ಕಾಣದ ಜಾಗದಲ್ಲಿ ಒಂದು ಗೇಣು ಬಿಡಿಸಿದೆ. ಅಂಟಿನ ಜೊತೆ ಹುರಮಂಜು ಪೂರ್ತಿ ಎದ್ದು ಬಂತು. ಕೆಳಗೆ ಬೋಳು ಪ್ರೈಮರ್ ಉಳಿಯಿತು. ಕಾವು ಕಡಿಮೆ ಮಾಡಿ ಇನ್ನೊಂದು ಕಡೆ ನೋಡಿದೆ, ಸೀಮೆಎಣ್ಣೆ ಸವರಿ ಮತ್ತೊಂದು ಕಡೆ ನೋಡಿದೆ. ಅದೇ ಗತಿ.

“ಲ್ಯಾಕರ್ ಇದ್ದಿದ್ರ ಬಣ್ಣ ಉಳೀತಿತ್ತು ಬೇಟಿ” ಎಂದರು ಉಸ್ತಾದರು. ಚುಚ್ಚಲು ಹೇಳಿದ್ದಲ್ಲ.

ಬಿಟ್ಟರೆ ಅಕ್ಕನ ಬಣ್ಣ ಅದರದೇ ಫೋಟೋದ ಕೆಳಗೆ ಹೂತು ನಿಲ್ಲುತ್ತದೆ. ಕಿತ್ತರೆ ಬಣ್ಣವೇ ಇರುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಇದನ್ನು ನಾನು ನಿರ್ಧರಿಸಬಾರದು ಎಂದು ಕಮಲಾಪುರದ ಬಸ್ಸು ಹತ್ತಿದೆ.

ಅಕ್ಕ ಹೆದ್ದಾರಿ ಬದಿ ಬುಟ್ಟಿಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ಕೂರಲು ಗೋಣಿಚೀಲ ಸರಿಸಿ ಕೊಟ್ಟಳು. ನಾನು ಪ್ರಿಂಟಿಂಗ್ ಅಂಗಡಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ, ಮೊದಲೇ ಹೇಳದಿದ್ದ ನನ್ನ ತಪ್ಪನ್ನೂ ಹೇಳಿದೆ. ನಡುವೆ ಇಬ್ಬರು ಬಂದು ಹಣ್ಣು ಕೊಂಡರು. ಅವಳು ತೂಗಿ ಕೊಟ್ಟು, ಮತ್ತೆ ನನ್ನ ಕಡೆ ತಿರುಗಿದಳು.

“ಅಂವ ಬಂದಿದ್ನಲ್ಲ ತಂಗಿ, ನಿನ್ನ ಗೆಳ್ಯ. ಕಾಗದ ತಂದಿದ್ದ. ಚಿತ್ರ ಎಲ್ಲ ಎತ್ತಿನ ಮ್ಯಾಲೂ ಹಾಕ್ಲಿಕ್ಕಿ ನನ್ನ ಒಪ್ಪಿಗಿ ಅದ ಅಂತ ಅದ್ರಾಗ ಇತ್ತಂತ, ಈಗ ಗೊತ್ತಾತು. ನಮ್ಮ ಮಾವ ಓದ್ಸಿ ನೋಡೋಣು ಅಂದ್ರು. ‘ಅಕಿನ ಕಳಸ್ಯಾಳ’ ಅಂದ. ನಿನ್ನ ಹೆಸರ ಹೇಳಿದ. ಅದಕ್ಕ ಓದ್ಸದಽ ಸಹಿ ಹಾಕ್ದೆ.”

ನಾನು ಕಳಿಸಿರಲಿಲ್ಲ ಎಂದೆ. ಅವಳು ಹ್ಞೂಂ ಎಂದಳು. ಆ ಹ್ಞೂಂನಲ್ಲಿ ನಂಬಿದ್ದೂ ಇರಲಿಲ್ಲ, ನಂಬದೇ ಇದ್ದದ್ದೂ ಇರಲಿಲ್ಲ.

“ಕಿತ್ರ ಬಣ್ಣ ಉಳಿಯಂಗಿಲ್ಲ ಅಕ್ಕಾ. ಏನ್ ಮಾಡ್ಲಿ, ನೀನ ಹೇಳು.”

“ಬಣ್ಣ ಹೋಗೋದು ನಮಗೇನು ಹೊಸಾದಲ್ಲ. ನಾ ಬರ್ದದ್ದು ಒಂದ್ ದೊಡ್ಡ ಮಳಿಗಿ ಹೋಗ್ತದ, ಪ್ರತಿ ವರ್ಷ ಹೋಗ್ತದ. ಆದ್ರ ಎತ್ತು ಪ್ಲಾಸ್ಟಿಕ್ ಹೊದ್ಕೊಂಡು ಬೆವತು ನಿಂದರೋದು ಬ್ಯಾಡ. ಕಿತ್ತ್ ಹಾಕು.”

ನಾನು ಕಿತ್ತೆ. ಹಗಲಲ್ಲೇ, ಎಲ್ಲರ ಎದುರಿಗೆ. ಎದುರಿನ ಚಹಾ ಅಂಗಡಿಯವರು ಗನ್ನಿಗೆ ಕರೆಂಟ್ ಕೊಟ್ಟರು. ಟ್ರಾಫಿಕ್ ಪೊಲೀಸರೊಬ್ಬರು ಬಂದು ಏನಿದು ಎಂದು ಕೇಳಿದರು, ಈ ಎತ್ತು ಮಾಡಿದವಳು ನಾನೇ ಎಂದೆ. ಉಸ್ತಾದರು ಕಾಯಿಸುತ್ತಾ ಹೋದರು, ನಾನು ಎಳೆಯುತ್ತಾ ಹೋದೆ. ಪ್ರತಿ ಎಳೆತಕ್ಕೂ ಒಂದೊಂದು ಸಾಲು ಗಿಳಿ ನನ್ನ ಕೈಗೆ ಬಂತು. ನನಗೆ ಅಳು ಬಂತು, ಅತ್ತೆ. ಉಸ್ತಾದರು ನೋಡದವರಂತೆ ಕೆಲಸ ಮಾಡಿದರು.

ಎಡದ ಎತ್ತು ಮುಗಿಯುವ ಹೊತ್ತಿಗೆ ಪಾಲುದಾರ ಬಂದ.

“ಹುಚ್ಚ ಹಿಡದದೇನು ನಿನಗ? ಹದಿನಾಕ್ ವರ್ಷದ ಹೆಸರು ಒಂದ್ ದಿನದಾಗ ಹಾಳ ಮಾಡಾಕತ್ತೀ.”

“ಮಗಳಾಣಿ ಇಟ್ಟಿದ್ದಿ.”

“ಐದ್ ಜೋಡಿ ಒಂದ್ ನಮೂನಿ, ಇದೊಂದು ಬ್ಯಾರೆ ನಮೂನಿ ಕಾಣ್ತಿತ್ತು. ಕಡೀಕ ಮನಸ್ ಬದಲಾತು. ನಿನಗ ಹೇಳಿದ್ರ ನೀ ಕೇಳ್ತಿದ್ದೇನು?”

ನನಗೆ ಬೇಕಿದ್ದುದು ಇನ್ನೊಂದು ಮಾತಿನ ಉತ್ತರ.

“ಕಮಲಾಪುರಕ್ಕ ಹೋಗಿ ನನ್ನ ಹೆಸರು ಯಾಕ ಹೇಳ್ದಿ?”

ಅವನು ಮೊದಲ ಸಲ ನೆಲ ನೋಡಿದ. ಆಮೇಲೆ ಬಹಳ ಸಹಜವಾಗಿ ಹೇಳಿದ:

“ನನ್ನ ಹೆಸರ ಹೇಳಿದ್ರ ಅಕಿ ಸಹಿ ಹಾಕ್ತಿದ್ಳೇನು?”

ಹದಿನಾಲ್ಕು ವರ್ಷದಲ್ಲಿ ಅವನು ನನ್ನ ಬಗ್ಗೆ ಆಡಿದ ದೊಡ್ಡ ಹೊಗಳಿಕೆ ಅದು. ಕೈಲಿದ್ದ ಸ್ಟಿಕರ್ ಕೆಳಗಿಟ್ಟು ನಾನು ಅವನ ಕಪಾಳಕ್ಕೆ ಹೊಡೆಯಲಿಲ್ಲ, ಬರೀ ಬಲದ ಎತ್ತಿನ ಕಡೆ ತಿರುಗಿ ಕೆಲಸ ಮುಂದುವರಿಸಿದೆ. ಹೊಡೆಯಬೇಕಿತ್ತು ಎಂದು ಉಸ್ತಾದರು ಇವತ್ತಿಗೂ ಹೇಳುತ್ತಾರೆ.

ಕಚೇರಿಯಿಂದ ನೋಟಿಸ್ ಬಂತು. ನಾನು ಹೋಗಿ, ಆದೇಶದ ಆ ಒಂದು ಸಾಲನ್ನು ಮುಂದಿಟ್ಟು, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಇಂಜಿನಿಯರ್ ಸಾಹೇಬರು ತಾಳ್ಮೆಯಿಂದ ಕೇಳಿದರು. ಉಳಿದ ಐದು ಜೋಡಿಯನ್ನು ಈಗ ಮುಟ್ಟಲಾಗದು, ಆದರೆ ಜಗತ್ ಸರ್ಕಲ್ಲಿನ ಜೋಡಿಗೆ ಮತ್ತೆ ಕೈಯಿಂದ ಬಣ್ಣ ಬರೆಸಿ, ಬರೆದವರ ಹೆಸರಿನ ಫಲಕ ಹಾಕಿಸಿ ಎಂದು ಪತ್ರ ಕೊಟ್ಟರು. ಶೆಡ್ಡನ್ನು ಅವನಿಗೆ ಬಿಟ್ಟೆ, ಅಚ್ಚುಗಳನ್ನು ನಾನು ತಂದೆ, ಉಸ್ತಾದರು ನನ್ನ ಜೊತೆ ಬಂದರು. ಇಷ್ಟೆಲ್ಲ ಆದಮೇಲೂ ಆ ಪತ್ರ ಕೈಯಲ್ಲಿ ಹಿಡಿದಾಗ ಗೆದ್ದೆ ಅನ್ನಿಸಿತು. ಅದೇ ಮಧ್ಯಾಹ್ನ ಕಮಲಾಪುರಕ್ಕೆ ಹೋದೆ.

ಅಕ್ಕ ಮನೆಯಲ್ಲಿದ್ದಳು. ಮಜ್ಜಿಗೆ ಕೊಟ್ಟಳು. ಪತ್ರವನ್ನು ಮಾವನಿಗೆ ಓದಿ ಹೇಳಿದೆ. ಈ ಸಲ ಸ್ಟಿಕರ್ ಇಲ್ಲ, ನಡುವೆ ಯಾರೂ ಇಲ್ಲ, ನಾನೊಬ್ಬಳೇ ಎಂದೆ. ನಾಳೆಯೇ ಶುರು ಮಾಡಬಹುದು ಎಂದೆ. ಮುದುಕರು ಸೊಸೆಯ ಮುಖ ನೋಡಿದರು. ಅವಳು ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡಳು.

“ನಾ ಬರಂಗಿಲ್ಲ ತಂಗಿ.”

“ಅಕ್ಕಾ, ಮೋಸ ಮಾಡಿದಂವ ಅಂವ. ನಾನಲ್ಲ.”

“ಗೊತ್ತದ. ನನ್ನ ಹಂಗ ನೀನೂ ಮೋಸ ಹೋಗೀದಿ.” ಅವಳ ದನಿ ಮೆತ್ತಗಿತ್ತು. “ಆದ್ರ ಸಹಿ ಹಾಕಿದ್ದು ಅಂವನ ಮಾತಿಗಲ್ಲ, ನಿನ್ನ ಹೆಸರಿಗಿ. ನಾಳಿ ಇನ್ನೊಬ್ಬ ಬಂದು ನಿನ್ನ ಹೆಸರ ಹೇಳಿದ್ರ ನಾ ಏನ್ ಮಾಡ್ಲಿ? ನಿನ್ನ ಹೆಸರ ಹೇಳ್ಕೊಂಡ್ ಬಂದವ್ರನ್ನೆಲ್ಲ ಹೊಳ್ಳಿ ಕಳಸ್ಬೇಕು. ನಿನ್ನ ಒಬ್ಬಾಕಿನ್ನ ಹ್ಯಾಂಗ ಒಳಗ ಕರ್ಕೊಳ್ಲಿ?”

ನಾನು ಪತ್ರ ಮಡಚಿ ಚೀಲಕ್ಕೆ ಹಾಕಿಕೊಂಡೆ.

“ನಿನ್ನ ಮ್ಯಾಲ ಸಿಟ್ಟಿಲ್ಲ” ಎಂದಳು, ನಿಜವಾಗಿಯೂ ಸಿಟ್ಟಿಲ್ಲದ ಮುಖದಿಂದ. ಬಾಗಿಲವರೆಗೆ ಬಂದು, ಬಸ್ಸಿಗೆ ಹೊತ್ತಾಯಿತು ಎಂದು ನೆನಪಿಸಿ, ಒಳಗೆ ಹೋದಳು. ಸಿಟ್ಟಿದ್ದಿದ್ದರೆ ಕಾಲು ಹಿಡಿದಾದರೂ ಇಳಿಸುತ್ತಿದ್ದೆ. ಇಳಿಸಲು ಅಲ್ಲಿ ಏನೂ ಇರಲಿಲ್ಲ.